ಧನಲಕ್ಷ್ಮಿ ದನಲಕ್ಷ್ಮಿ ಆಗಬಾರದು ಅಂದ್ರೆ: ದಪ್ಪ ದುಂಡು ಫಾಂಟುಗಳಲ್ಲಿ ಯಾವುದು ಯಾವುದಕ್ಕೆ

ಚಿಕ್ಕಪ್ಪನ ಕಿರಾಣಿ ಅಂಗಡಿಗೆ ಹೊಸ ಬೋರ್ಡ್ ಡಿಸೈನ್ ಮಾಡಿಕೊಟ್ಟವನು ನಾನೇ. ಅಂಗಡಿಯ ಹೆಸರು ಧನಲಕ್ಷ್ಮಿ. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಕೈಗೆ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ದಪ್ಪ ಫಾಂಟು. ಅದೂ ಸಾಲದು ಅಂತ ಮೇಲಿಂದ ಒಂದು ಔಟ್‌ಲೈನ್ ಬೇರೆ. ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಏನು ಗತ್ತು ಅಂತೀರಿ! ಬೋರ್ಡ್ ಏರಿಸಿದ ಮೇಲೆ ಚಿಕ್ಕಪ್ಪ ರಸ್ತೆ ದಾಟಿ ಆ ಕಡೆ ನಿಂತು ನೋಡಿದರು. ಅಲ್ಲಿಂದಲೇ ಕೂಗಿದರು: "ಲೇ, ನಾನೇನು ದನದ ವ್ಯಾಪಾರ ಮಾಡ್ತೀನೇನೋ?"

ಹೋಗಿ ನೋಡಿದರೆ ಅವರು ಹೇಳಿದ್ದು ನಿಜ. ಧ ಅಕ್ಷರದ ಕೆಳಗಿನ ಸೀಳು ಮುಚ್ಚಿಹೋಗಿತ್ತು. ಶಾಲೆಯಲ್ಲಿ ಮೇಷ್ಟ್ರು "ಹೊಟ್ಟೆ ಸೀಳೋ" ಅಂತ ಬೈದು ಕಲಿಸಿದ ಆ ಚಿಕ್ಕ ಗೆರೆ ಇದೆಯಲ್ಲ, ಅದೇ. ಅಕ್ಷರ ದಪ್ಪ ಆದಷ್ಟೂ ಎರಡು ಬದಿಯ ಗೆರೆಗಳು ಹತ್ತಿರ ಬಂದು ಆ ಸೀಳನ್ನು ನುಂಗಿಬಿಟ್ಟಿದ್ದವು. ಕ್ಷ್ಮಿ ಅನ್ನುವ ಜಾಗದಲ್ಲಿ ಷ ಒತ್ತು, ಮ ಒತ್ತು ಎರಡೂ ಸೇರಿ ಒಂದು ಕೆಂಪು ಮುದ್ದೆ ಆಗಿತ್ತು. ತಪ್ಪು ಫಾಂಟಿನದ್ದಲ್ಲ, ಫ್ಲೆಕ್ಸ್ ಅಂಗಡಿಯವರದ್ದೂ ಅಲ್ಲ. ಆರಿಸಿದವನದ್ದು, ಅಂದರೆ ನನ್ನದು.

ಆಮೇಲೆ ಈ ಜಾತಿಯ ಫಾಂಟುಗಳನ್ನು ಒಂದೊಂದಾಗಿ ಹಾಕಿ, ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ ಒಂದಿಷ್ಟು ಕಲಿತೆ. ಬೋರ್ಡ್, ಪೋಸ್ಟರ್, ಟೀ ಶರ್ಟ್, ಯೂಟ್ಯೂಬ್ ಥಂಬ್‌ನೇಲ್ ಮಾಡುವವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ. ಅದರಲ್ಲೂ ಅಂಗಡಿಯವರಿಗೆ ಇದು ಈಗ ಜಾಸ್ತಿ ಬೇಕು. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತಲ್ಲ, ಮೂಲೆಯಲ್ಲಿ ಸಣ್ಣಗೆ ಕೂತಿದ್ದ ಕನ್ನಡ ಈಗ ಬೋರ್ಡಿನ ಮೇಲಿನ ಅರ್ಧಕ್ಕೆ ಬಂದಿದೆ. ಮೂಲೆಯಲ್ಲಿದ್ದಾಗ ಯಾವ ಫಾಂಟ್ ಇದ್ದರೂ ಯಾರೂ ಕೇಳುತ್ತಿರಲಿಲ್ಲ. ಈಗ ಹಾಗಲ್ಲ.

ಈ ಜಾತಿ ಅಂದ್ರೆ ಯಾವುದು?

ವೃತ್ತ, ಚೌಕ, ನೇರ ಗೆರೆ ಇಟ್ಟುಕೊಂಡು ಕಂಪಾಸಿನಲ್ಲಿ ಬರೆದ ಹಾಗೆ ಕಾಣುವ ಅಕ್ಷರಗಳನ್ನು ಜಿಯೊಮೆಟ್ರಿಕ್ ಅನ್ನುತ್ತಾರೆ. ಅದನ್ನೇ ಸಿಕ್ಕಾಪಟ್ಟೆ ದಪ್ಪ ಮಾಡಿ, ಓದಲಿಕ್ಕಿಂತ ನೋಡಲಿಕ್ಕೆ ಅಂತ ದೊಡ್ಡದಾಗಿ ಹಾಕಿದರೆ ಅದು ಡಿಸ್‌ಪ್ಲೇ ಫಾಂಟ್. ಮೂರು ಪದ, ಹೆಚ್ಚೆಂದರೆ ಐದು ಪದ. ಅದಕ್ಕಿಂತ ಉದ್ದದ ವಾಕ್ಯವನ್ನು ಇದರಲ್ಲಿ ಹಾಕಿದರೆ ಯಾರೋ ಕಿವಿ ಹತ್ತಿರ ಮೈಕ್ ಹಿಡಿದು ಕಿರುಚಿದ ಹಾಗೆ. ಲಗ್ನಪತ್ರಿಕೆಯ ಒಳಪುಟವನ್ನು ಪೂರ್ತಿ ಇಂಥ ಫಾಂಟಲ್ಲಿ ಹೊಡೆಸಿದ್ದನ್ನು ನೋಡಿದ್ದೇನೆ, ಮುಹೂರ್ತ ಎಷ್ಟೊತ್ತಿಗೆ ಅಂತ ಹುಡುಕುವಷ್ಟರಲ್ಲಿ ತಲೆನೋವು.

ಈ ಬಗೆಯ ಫಾಂಟಿನ ಅಜ್ಜ ಅಂದ್ರೆ ಫ್ಯೂಚುರಾ. ಪೌಲ್ ರೆನ್ನರ್ ಅನ್ನುವ ಜರ್ಮನ್ ಡಿಸೈನರ್ ಮಾಡಿದ್ದು, 1927ರಲ್ಲಿ ಫ್ರಾಂಕ್‌ಫರ್ಟಿನ ಬಾವರ್ ಅಚ್ಚುಮೊಳೆ ಕಂಪನಿ ಹೊರತಂದಿತು. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಅಕ್ಷರಗಳೂ ಇದರಲ್ಲೇ ಇವೆ. ರೆನ್ನರ್ ಮೊದಮೊದಲು ಬರೆದ ನಕ್ಷೆಗಳಲ್ಲಿ ಅತಿರೇಕ ಅನ್ನುವಷ್ಟು ಜ್ಯಾಮಿತಿ ಇತ್ತು. ಇಂಗ್ಲಿಷಿನ ಸಣ್ಣ ಆರ್ ಅಕ್ಷರಕ್ಕೆ ಒಂದು ಕಡ್ಡಿ, ಪಕ್ಕದಲ್ಲಿ ಒಂದು ಚುಕ್ಕೆ, ಅಷ್ಟೇ! ನೋಡೋಕೆ ಚಂದ, ಓದೋಕೆ ಕಷ್ಟ. ಬಳಕೆಗೆ ನಿಂತ ಫ್ಯೂಚುರಾದಲ್ಲಿ ಅವು ಉಳಿಯಲಿಲ್ಲ.

ಇದರಲ್ಲೊಂದು ಮೋಸ ಇದೆ, ಒಳ್ಳೆಯ ಮೋಸ. ಈ ಫಾಂಟುಗಳು ಜ್ಯಾಮಿತಿಯ ಹಾಗೆ ಕಾಣುತ್ತವೆ, ಆದರೆ ಪಕ್ಕಾ ಜ್ಯಾಮಿತಿ ಅಲ್ಲ. ನಿಜವಾದ ವೃತ್ತವನ್ನು ಚೌಕದ ಪಕ್ಕ ಅಷ್ಟೇ ಎತ್ತರಕ್ಕೆ ಇಟ್ಟರೆ ವೃತ್ತ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಇಂಗ್ಲಿಷಿನ ಓ ಅಕ್ಷರವನ್ನು ಮೇಲೆ ಕೆಳಗೆ ಕೂದಲೆಳೆಯಷ್ಟು ಹೊರಗೆ ಬಿಟ್ಟಿರುತ್ತಾರೆ. ಅಡ್ಡ ಗೆರೆ, ಉದ್ದ ಗೆರೆ ಒಂದೇ ದಪ್ಪ ಇದ್ದರೆ ಅಡ್ಡದ್ದು ಜಾಸ್ತಿ ದಪ್ಪ ಕಾಣುತ್ತದೆ, ಹಾಗಾಗಿ ಅದನ್ನು ಸ್ವಲ್ಪ ಸಣ್ಣ ಮಾಡುತ್ತಾರೆ. ಗುಂಡಗಿನ ಭಾಗ ನೇರ ಕಡ್ಡಿಗೆ ಸೇರುವ ಕಡೆ ಮಸಿ ಚೆಲ್ಲಿದ ಹಾಗೆ ಕಪ್ಪು ಕಟ್ಟುತ್ತದೆ, ಅಲ್ಲಿ ಗೆರೆಯನ್ನು ಒಳಗೆ ಚಿವುಟಿರುತ್ತಾರೆ. ತೆಳು ಅಕ್ಷರದಲ್ಲಿ ಇವೆಲ್ಲ ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ದಪ್ಪ ಆಗುತ್ತಾ ಹೋದ ಹಾಗೆ ಇದೇ ಎಲ್ಲ. ಒಳ್ಳೆಯ ದಪ್ಪ ಫಾಂಟಿಗೂ ಕೆಟ್ಟದ್ದಕ್ಕೂ ವ್ಯತ್ಯಾಸ ಕಾಣೋದು ಈ ಚಿವುಟಿದ ಜಾಗಗಳಲ್ಲಿ.

ಈಗ ಔಟ್‌ಲೈನ್ ಕೊಟ್ಟು ದಪ್ಪ ಮಾಡೋದು ಯಾಕೆ ತಪ್ಪು ಅಂತ ತಿಳಿಯಿತಲ್ವಾ? ಔಟ್‌ಲೈನಿಗೆ ಯಾವ ಜಾಗ ಚಿವುಟಬೇಕು ಅಂತ ಗೊತ್ತಿಲ್ಲ. ಎಲ್ಲ ಕಡೆ ಒಂದೇ ಸಮ ದಪ್ಪ ಬಳಿಯುತ್ತದೆ, ಒಳಗೂ ಹೊರಗೂ. ಬೋಲ್ಡ್ ಇಲ್ಲದ ಫಾಂಟಿಗೆ ವರ್ಡ್‌ನಲ್ಲಿ ಬಿ ಒತ್ತಿದರೂ ಇದೇ ಕಥೆ. ದಪ್ಪ ಬೇಕಿದ್ದರೆ ದಪ್ಪವಾಗಿಯೇ ಹುಟ್ಟಿದ ಫಾಂಟ್ ತಗೊಳ್ಳಿ.

ಇಂಗ್ಲಿಷ್ ಸಾಲಿಗೆ ಯಾವುದು

ಬೇಗ ಮುಗಿಸುತ್ತೇನೆ, ಯಾಕಂದ್ರೆ ಇಲ್ಲಿ ಯಾವುದನ್ನು ತಗೊಂಡರೂ ದೊಡ್ಡ ಅನಾಹುತ ಆಗೋದಿಲ್ಲ.

ಫ್ಯೂಚುರಾ ದುಡ್ಡು ಕೊಟ್ಟು ತಗೊಳ್ಳುವ ಫಾಂಟು. ಮ್ಯಾಕ್ ಇದ್ದವರಿಗೆ ಅದರ ಕೆಲವು ರೂಪಗಳು ಕಂಪ್ಯೂಟರಿನ ಜತೆಗೇ ಬಂದಿರುತ್ತವೆ. ಅದೇ ಹದದ ಉಚಿತ ಫಾಂಟ್ ಬೇಕು ಅಂದ್ರೆ ಜೋಸ್ಟ್ ಇದೆ. ಇವುಗಳ ಒಂದು ತೊಂದರೆ ಹೇಳಲೇಬೇಕು: ಸಣ್ಣ ಎ ಅಕ್ಷರ ಅಂದ್ರೆ ಒಂದು ಸೊನ್ನೆ, ಪಕ್ಕದಲ್ಲಿ ಒಂದು ಕಡ್ಡಿ. ದಪ್ಪದಲ್ಲಿ, ದೂರದಿಂದ, ಅದು ಓ ಥರ ಕಾಣುತ್ತದೆ. ನಮ್ಮ ದ, ಧ ಸಮಸ್ಯೆಯ ಇಂಗ್ಲಿಷ್ ತಮ್ಮ. ಬೋರ್ಡಿಗೆ ಪೂರ್ತಿ ದೊಡ್ಡಕ್ಷರದಲ್ಲೇ ಹಾಕಿಬಿಟ್ಟರೆ ಈ ರಗಳೆ ಇಲ್ಲ.

ಅವಾಂತ್ ಗಾರ್ಡ್ 1970ರದ್ದು, ಹರ್ಬ್ ಲುಬಾಲಿನ್ ಒಂದು ಪತ್ರಿಕೆಯ ಹೆಸರಿಗೆ ಬರೆದ ಅಕ್ಷರಗಳಿಂದ ಬೆಳೆದ ಫಾಂಟು. ಅಕ್ಷರಗಳು ಒಂದಕ್ಕೊಂದು ಒರಗಿಕೊಂಡು, ಅಂಟಿಕೊಂಡು ನಿಲ್ಲುವ ಜೋಡಿಗಳೇ ಅದರ ಸೊಗಸು. ಲೋಗೊ ಮಾಡುವವರಿಗೆ ಹಬ್ಬ. ಆದರೆ ಕನ್ನಡದ ಜತೆ ಹಾಕಿದರೆ ಎರಡೂ ಗಮನಕ್ಕಾಗಿ ಜಗಳ ಆಡುತ್ತವೆ, ಹಾಗಾಗಿ ನಾನು ಆ ಕಡೆ ಹೋಗುವುದಿಲ್ಲ.

ಗೋಥಮ್ ಅನ್ನು 2000ದಲ್ಲಿ ಟೋಬಿಯಾಸ್ ಫ್ರೆರ್ ಜೋನ್ಸ್ ಮಾಡಿದ್ದು, ನ್ಯೂಯಾರ್ಕಿನ ಹಳೆಯ ಕಟ್ಟಡಗಳ ಮೇಲಿನ ಅಕ್ಷರಗಳನ್ನು ನೋಡಿ. 2008ರ ಒಬಾಮ ಚುನಾವಣಾ ಪ್ರಚಾರದಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಇದಕ್ಕೂ ದುಡ್ಡು ಬೇಕು. ಹತ್ತಿರದ ಉಚಿತ ಬಂಧು ಅಂದ್ರೆ ಮೊನ್ಸೆರಾಟ್, ಅದು ಬ್ಯೂನಸ್ ಐರಿಸಿನ ಅದೇ ಹೆಸರಿನ ಬಡಾವಣೆಯ ಹಳೆ ಬೋರ್ಡುಗಳಿಂದ ಹುಟ್ಟಿದ್ದು, ಹೂಲಿಯೆಟಾ ಉಲನೋವ್ಸ್ಕಿ ಮಾಡಿದ್ದು. ನೋಡಿ, ಎರಡೂ ಬೋರ್ಡಿನಿಂದ ಬಂದವೇ. ಮೊನ್ಸೆರಾಟ್ ಅಗಲ ಜಾಸ್ತಿ, 'ಪ್ರಾವಿಷನ್ ಸ್ಟೋರ್ಸ್' ಅಂತ ಇಂಗ್ಲಿಷಲ್ಲಿ ಹಾಕಿದರೆ ಬೋರ್ಡಿನ ಈ ತುದಿಯಿಂದ ಆ ತುದಿವರೆಗೂ ಹರಡಿಕೊಳ್ಳುತ್ತದೆ.

ಪಾಪಿನ್ಸ್ ನಮ್ಮ ದೇಶದ್ದು, ಇಂಡಿಯನ್ ಟೈಪ್ ಫೌಂಡ್ರಿಯದ್ದು. ವೃತ್ತಗಳು ಹೆಚ್ಚುಕಡಿಮೆ ಕಂಪಾಸಿನ ವೃತ್ತಗಳೇ. ತೆಳುವಿನಿಂದ ಬ್ಲ್ಯಾಕ್ ಅನ್ನುವ ಅತಿ ದಪ್ಪದವರೆಗೆ ಒಂಬತ್ತು ದಪ್ಪ ಇವೆ. ದೇವನಾಗರಿಯೂ ಇದೆ. ಕನ್ನಡ ಇಲ್ಲ! ಇದು ಗೊತ್ತಿಲ್ಲದೆ ಎಷ್ಟೋ ಜನ ಪಾಪಿನ್ಸ್ ಆರಿಸಿ ಕನ್ನಡ ಟೈಪ್ ಮಾಡುತ್ತಾರೆ. ಕಂಪ್ಯೂಟರ್ ಸುಮ್ನೆ ತನ್ನಲ್ಲಿರುವ ಬೇರೆ ಯಾವುದೋ ಕನ್ನಡ ಫಾಂಟನ್ನು ತಂದು ಕೂರಿಸುತ್ತದೆ. ಇಂಗ್ಲಿಷ್ ಪೈಲ್ವಾನನ ಹಾಗೆ, ಪಕ್ಕದಲ್ಲಿ ಕನ್ನಡ ಜ್ವರ ಬಂದು ಎದ್ದವನ ಹಾಗೆ. ನಮ್ಮೂರ ಬೋರ್ಡುಗಳಲ್ಲಿ ಈ ಜೋಡಿ ಬೇಕಾದಷ್ಟು ಸಿಗುತ್ತದೆ.

ಬೆಬಾಸ್ ನ್ಯೂ, ಆಂಟನ್ ಎರಡೂ ಉದ್ದನೆಯ ಇಕ್ಕಟ್ಟು ಅಕ್ಷರಗಳು, ದುಂಡು ಜಾತಿಗೆ ಸೇರಿದವಲ್ಲ. ಜಾಗ ಕಮ್ಮಿ ಇದ್ದಾಗ ನೆನಪಿಟ್ಟುಕೊಳ್ಳಿ, ಅಷ್ಟು ಸಾಕು.

ಕನ್ನಡಕ್ಕೆ ಬಂದಾಗ

ಕನ್ನಡ ಅಕ್ಷರ ಮೊದಲೇ ದುಂಡು, ಹಾಗಾಗಿ ಜಿಯೊಮೆಟ್ರಿಕ್ ಮಾಡೋದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಉಲ್ಟಾ. ಇಂಗ್ಲಿಷಿನಲ್ಲಿ ಓ ದುಂಡಗಿದ್ದರೆ ಪಕ್ಕದ ಟಿ, ಇ ನೇರ ಗೆರೆಯವು, ಒಂದು ಇನ್ನೊಂದರ ಥರ ಕಾಣುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಎಲ್ಲರೂ ದುಂಡು. ಒಂದು ವೃತ್ತ ಬರೆದು ಮೇಲೆ ತಲೆಕಟ್ಟು ಇಟ್ಟರೆ ಅದು ರ ಆಗಬಹುದು. ಮಧ್ಯೆ ಚುಕ್ಕೆ ಇಟ್ಟರೆ ಠ. ದ, ಧ, ಥ ಎಲ್ಲ ಅಲ್ಲೇ ಸುತ್ತಮುತ್ತ ಇವೆ. ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ, ಪ ಮತ್ತು ಷ. ಅಂದರೆ ಯಾವ ಅಕ್ಷರ ಯಾವುದು ಅಂತ ಹೇಳುವುದು ದೊಡ್ಡ ವೃತ್ತ ಅಲ್ಲ. ಚಿಕ್ಕ ಸೀಳು, ಚುಕ್ಕೆ, ಕೊಂಡಿ. ದಪ್ಪ ಮಾಡಿದಾಗ ಮೊದಲು ಸಾಯುವುದು ಅವೇ.

ಒಂದು ಪ್ರಯೋಗ ಮಾಡಿ. 'ಮಠ' ಅಂತ ಅತಿ ದಪ್ಪದಲ್ಲಿ ಟೈಪ್ ಮಾಡಿ, ಫೋನಿನಲ್ಲಿ ಅದನ್ನು ಬೆರಳುಗುರಿನಷ್ಟು ಸಣ್ಣ ಮಾಡಿ ನೋಡಿ. ಠ ಒಳಗಿನ ಚುಕ್ಕೆಯ ಸುತ್ತ ಒಂದು ಬಿಳಿ ಉಂಗುರ ಇರಬೇಕು. ಆ ಉಂಗುರ ಉಳಿದಿದ್ದರೆ ಮಠ. ಚುಕ್ಕೆಯನ್ನು ತೀರಾ ಚಿಕ್ಕದು ಮಾಡಿ ಅದು ಕಾಣದೇ ಹೋಗಿದ್ದರೆ ಅದು ಮರ. ಉಂಗುರ ಪೂರ್ತಿ ತುಂಬಿಹೋಗಿದ್ದರೆ ಏನೂ ಅಲ್ಲ, ಒಂದು ಕಪ್ಪು ಉಂಡೆ.

ಇನ್ನು ಒತ್ತಕ್ಷರ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಮಹಡಿ, ನಮ್ಮದಕ್ಕೆ ಮೂರು. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. 'ಕಬ್ಬಿನ ಹಾಲು' ಅನ್ನುವುದರಲ್ಲಿ ಬ್ಬಿ ಒಂದನ್ನೇ ನೋಡಿ. ಮೇಲಿನ ಗುಡಿಸಿನ ಸುರುಳಿಗೆ ಒಂದು ಖಾಲಿ ಜಾಗ ಬೇಕು, ಬ ಹೊಟ್ಟೆಗೆ ಒಂದು, ಕೆಳಗಿನ ಬ ಒತ್ತಿಗೆ ಇನ್ನೊಂದು. ಒತ್ತು ಅಳತೆಯಲ್ಲಿ ಚಿಕ್ಕದು. ಅದರ ಗೆರೆಯೂ ಮೇಲಿನ ಅಕ್ಷರದಷ್ಟೇ ದಪ್ಪ ಇದ್ದರೆ ಒಳಗೆ ಖಾಲಿ ಜಾಗವೇ ಉಳಿಯುವುದಿಲ್ಲ. ಸಣ್ಣ ಮಾಡಿದರೆ ಮೇಲೆ ಪೈಲ್ವಾನ್, ಕೆಳಗೆ ಕಡ್ಡಿ ಕಾಲು. ಇವೆರಡರ ನಡುವಿನ ಹದ ಹುಡುಕುವುದೇ ಕನ್ನಡ ದಪ್ಪ ಫಾಂಟ್ ಮಾಡುವವರ ಕಷ್ಟ. ತ್ರ್ಯ, ಷ್ಟ್ರ ಬಂದರಂತೂ ಕೆಳಗೆ ಇಬ್ಬರು. ಫಾಂಟಿನ ಸ್ಯಾಂಪಲ್‌ನಲ್ಲಿ ಅ ಆ ಇ ಈ ಚೆನ್ನಾಗಿ ಕಂಡಿತು ಅಂತ ಆರಿಸಬೇಡಿ. ನಿಮ್ಮ ಪದವನ್ನೇ ಟೈಪ್ ಮಾಡಿ. ಹೆಸರು 'ಕಮಲ' ಆಗಿದ್ದರೆ ನಿಮ್ಮ ಅದೃಷ್ಟ, ಯಾವುದಾದರೂ ನಡೆಯುತ್ತದೆ. 'ಧನಲಕ್ಷ್ಮಿ', 'ಸ್ವಾತಂತ್ರ್ಯ', 'ರಾಷ್ಟ್ರೋತ್ಥಾನ' ಥರದ್ದಾದರೆ ಕೂತು ಆರಿಸಬೇಕು.

ಈಗ ಮೂರು ಫಾಂಟುಗಳು. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಮೂರಕ್ಕೂ ಮುಕ್ತ ಪರವಾನಗಿ ಇದೆ. ವ್ಯಾಪಾರಕ್ಕೆ ಬಳಸಬಹುದು, ಬೋರ್ಡಿಗೆ ಹಾಕಬಹುದು, ಫಾಂಟನ್ನೇ ಪ್ರತ್ಯೇಕವಾಗಿ ಮಾರಾಟ ಮಾಡುವ ಹಾಗಿಲ್ಲ ಅಷ್ಟೇ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಫ್ಯೂಚುರಾದಷ್ಟು ಶುದ್ಧ ಜ್ಯಾಮಿತಿ ಇವುಗಳಲ್ಲಿ ಯಾವುದರಲ್ಲೂ ಇಲ್ಲ. ಇಲ್ಲದಿರುವುದೇ ಒಳ್ಳೆಯದು.

ಬಾಲೂ ತಮ್ಮ 2. ಮುಂಬೈಯ ಏಕ್ ಟೈಪ್‌ನವರದ್ದು. ಕರಡಿ ಬಾಲೂ ಹೆಸರು, ಒಂದೊಂದು ಲಿಪಿಗೆ ಒಂದೊಂದು ಪ್ರೀತಿಯ ಅಡ್ಡಹೆಸರು ಸೇರಿಸಿದ್ದಾರೆ. ಮಲಯಾಳಕ್ಕೆ ಚೇಟ್ಟನ್, ಗುಜರಾತಿಗೆ ಭಾಯ್, ನಮಗೆ ತಮ್ಮ. ಮೊದಲ ಬಾಲೂ ತಮ್ಮಕ್ಕೆ ಒಂದೇ ದಪ್ಪ ಇತ್ತು, ಈ ಎರಡನೇದಕ್ಕೆ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು. ಮೂಲೆಗಳು ಮೆತ್ತಗೆ, ಎಲ್ಲೂ ಮುಳ್ಳಿಲ್ಲ. ಬೇಕರಿ, ಐಸ್‌ಕ್ರೀಂ, ಮಕ್ಕಳ ಶಾಲೆ, ಜ್ಯೂಸ್ ಅಂಗಡಿ, ತಿಂಡಿ ಗಾಡಿ ಇವಕ್ಕೆಲ್ಲ ಕಣ್ಣು ಮುಚ್ಚಿ ತಗೊಳ್ಳಿ. ನಗುಮುಖದ ಫಾಂಟು. ಅದೇ ಅದರ ಮಿತಿ ಕೂಡ. ವಕೀಲರ ಆಫೀಸಿಗೆ, ಆಸ್ಪತ್ರೆಗೆ, ಶ್ರದ್ಧಾಂಜಲಿ ಬ್ಯಾನರಿಗೆ ಹಾಕಬೇಡಿ. ಶ್ರದ್ಧಾಂಜಲಿ ಬ್ಯಾನರಲ್ಲಿ ನಾನೇ ನೋಡಿದ್ದೇನೆ, ತೀರಿಹೋದವರು ಹುಟ್ಟುಹಬ್ಬ ಆಚರಿಸುತ್ತಿರುವ ಹಾಗಿತ್ತು.

ಇದರ ಇನ್ನೊಂದು ಅನುಕೂಲ ಅಕ್ರಿಲಿಕ್ ಅಕ್ಷರ ಮಾಡಿಸುವವರಿಗೆ. ಅಕ್ರಿಲಿಕ್ ಹಾಳೆ ಕತ್ತರಿಸುವ ಸಿಎನ್‌ಸಿ ರೂಟರ್ ಮೆಷಿನ್ನಿನ ಬಿಟ್, ಅಂದರೆ ಕೊರೆಯುವ ಅಲಗು, ದುಂಡಗಿರುತ್ತದೆ. ಒಳಮೂಲೆಗಳನ್ನು ಅದು ಚೂಪಾಗಿ ಕತ್ತರಿಸಲಾರದು, ತನ್ನ ದುಂಡಿಗೆ ತಕ್ಕಷ್ಟು ಗುಂಡಗೆ ಮಾಡಿಬಿಡುತ್ತದೆ. ಚೂಪು ಮೂಲೆಯ ಫಾಂಟ್ ಕೊಟ್ಟರೆ ಸ್ಕ್ರೀನಿನಲ್ಲಿ ಒಂದು, ಕೈಗೆ ಬರೋದು ಇನ್ನೊಂದು. ಬಾಲೂ ಮೊದಲೇ ಮೆತ್ತಗಿರುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅನೇಕ್ ಕನ್ನಡ. ಇದೂ ಏಕ್ ಟೈಪ್‌ನವರದ್ದೇ, 2022ರಲ್ಲಿ ಬಂತು, ಇಂಗ್ಲಿಷ್ ಸೇರಿ ಹತ್ತು ಲಿಪಿಗಳ ಕುಟುಂಬ. ದಪ್ಪವನ್ನಷ್ಟೇ ಅಲ್ಲ, ಅಗಲವನ್ನೂ ಬೇಕಾದ ಹಾಗೆ ಎಳೆಯಬಹುದು. ಇಕ್ಕಟ್ಟು ಮಾಡಿದರೆ ಅಕ್ಷರ ಮಾತ್ರೆಯ ಹಾಗೆ ನಿಲ್ಲುತ್ತದೆ, ಅಗಲ ಮಾಡಿದರೆ ಇಟ್ಟಿಗೆಯ ಹಾಗೆ ಕೂರುತ್ತದೆ. ಕೋರೆಲ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಅಡ್ಡಡ್ಡ ಹಿಡಿದು ಎಳೆಯುತ್ತೇವಲ್ಲ, ಜಾಗ ತುಂಬಲಿ ಅಂತ, ಆ ಪಾಪಕ್ಕೆ ಇದು ಪರಿಹಾರ. ಕೈಯಲ್ಲಿ ಎಳೆದಾಗ ಉದ್ದ ಗೆರೆಗಳು ಊದಿಕೊಂಡು ಅಡ್ಡ ಗೆರೆಗಳು ಹಾಗೇ ಉಳಿಯುತ್ತವೆ, ಅಕ್ಷರಕ್ಕೆ ಬಾವು ಬಂದ ಹಾಗೆ. ಇಲ್ಲಿ ಫಾಂಟೇ ಅಗಲ ಆಗುತ್ತದೆ, ಗೆರೆ ಹದದಲ್ಲೇ ಇರುತ್ತದೆ.

ನನಗೆ ಇದು ಹೆಚ್ಚು ಇಷ್ಟ. ಅಗಲದ ರೂಪದಲ್ಲಿ ಹೊಟ್ಟೆಗೂ ಒತ್ತಿಗೂ ಜಾಸ್ತಿ ಜಾಗ ಸಿಗುತ್ತದೆ. ಅಂದರೆ ಅಷ್ಟೇ ದಪ್ಪ ಇಟ್ಟುಕೊಂಡು ಸೀಳನ್ನು ಉಳಿಸಿಕೊಳ್ಳಬಹುದು. ಇಕ್ಕಟ್ಟಿನ ರೂಪ ಯೂಟ್ಯೂಬ್ ಥಂಬ್‌ನೇಲಿಗೆ, ಪತ್ರಿಕೆ ತಲೆಬರಹಕ್ಕೆ ಸರಿ. ಕನ್ನಡ ಪದಗಳು ಉದ್ದ, 'ಮುಖ್ಯಮಂತ್ರಿಗಳಿಂದ' ಅನ್ನುವುದನ್ನು ಒಂದೇ ಸಾಲಿನಲ್ಲಿ ಹಿಡಿಸಲು ಬೇರೆ ದಾರಿ ಇಲ್ಲ. ಆದರೆ ಇಕ್ಕಟ್ಟು ಮತ್ತು ಅತಿ ದಪ್ಪ ಎರಡನ್ನೂ ಒಟ್ಟಿಗೆ ಬಳಸುವಾಗ ಹುಷಾರು, ನಮ್ಮ ದನದ ಸಮಸ್ಯೆ ಅಲ್ಲಿ ವಾಪಸ್ ಬರುತ್ತದೆ. ಹಳೆಯ ಸಾಫ್ಟ್‌ವೇರ್‌ಗೆ ಎಳೆಯುವ ಥರದ ಫೈಲ್ ಅರ್ಥ ಆಗುವುದಿಲ್ಲ, ಡೌನ್‌ಲೋಡ್ ಮಾಡಿದ ಜಿಪ್ ಒಳಗೆ 'ಸ್ಟ್ಯಾಟಿಕ್' ಅನ್ನುವ ಫೋಲ್ಡರ್ ಇರುತ್ತದೆ, ಅದರಲ್ಲಿ ಒಂದೊಂದು ಅಳತೆಗೂ ಬೇರೆ ಬೇರೆ ಫೈಲ್ ಸಿಗುತ್ತದೆ.

ನೋಟೊ ಸ್ಯಾನ್ಸ್ ಕನ್ನಡ. ಗೂಗಲ್‌ನದ್ದು. ಅಕ್ಷರ ಇಲ್ಲದ ಕಡೆ ಬರುವ ಖಾಲಿ ಡಬ್ಬಗಳಿಗೆ ತೋಫು ಅಂತ ತಮಾಷೆಗೆ ಕರೀತಾರೆ, ತೋಫು ಇರಬಾರದು ಅಂತ ನೋಟೊ. ದಪ್ಪವನ್ನು ಸಂಖ್ಯೆಯಲ್ಲಿ ಹೇಳುತ್ತಾರಲ್ಲ, ಇದರಲ್ಲಿ 900ರ ಬ್ಲ್ಯಾಕ್‌ವರೆಗೂ ಹೋಗಬಹುದು, ಅನೇಕ್ ಮತ್ತು ಬಾಲೂ ಎರಡೂ 800ಕ್ಕೆ ನಿಲ್ಲುತ್ತವೆ. ಹಾಗಂತ ಸಂಖ್ಯೆ ನೋಡಿ ಮರುಳಾಗಬೇಡಿ, ಒಂದು ಫಾಂಟಿನ 800 ಇನ್ನೊಂದರ 900ಕ್ಕಿಂತ ದಪ್ಪ ಕಾಣಬಹುದು. ನೋಟೊಗೆ ಮುಖಭಾವ ಇಲ್ಲ. ಸರ್ಕಾರಿ ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣ, ಔಷಧಿ ಅಂಗಡಿ, ಅಪಾಯ ಅಂತ ಬರೆಯುವ ಬೋರ್ಡ್, ಇವಕ್ಕೆ ಮುಖಭಾವ ಇಲ್ಲದಿರುವುದೇ ಸರಿ. ಲೋಗೊ ಮಾಡಲು ಮಾತ್ರ ಸಪ್ಪೆ, ಉಪ್ಪಿಲ್ಲದ ಸಾರು.

ಅಕಾಯ ಕನಡಕ, ಹುಬ್ಬಳ್ಳಿ ಯಾಕೆ ಬಿಟ್ಟಿರಿ ಅಂತ ಕೇಳಬಹುದು. ಎರಡೂ ಚಂದವೇ. ಆದರೆ ಅಕಾಯ ಕೈಬರಹದ ಕಡೆಯದ್ದು, ಹುಬ್ಬಳ್ಳಿಗೆ ಒಂದೇ ದಪ್ಪ, ಅದೂ ತೆಳುವಿನದ್ದು. ಈ ಪಂಗಡಕ್ಕೆ ಬರುವುದಿಲ್ಲ.

ಜೋಡಿ ಮಾಡುವಾಗ

ಮೊದಲ ಸಲಹೆ: ಬಾಲೂ, ಅನೇಕ್ ಎರಡರಲ್ಲೂ ಅವುಗಳದೇ ಇಂಗ್ಲಿಷ್ ಇದೆ, ಅದನ್ನೇ ಬಳಸಿ. ಒಂದೇ ಮನೆಯ ಮಕ್ಕಳು, ಜಗಳ ಕಮ್ಮಿ. ನೋಟೊಗೆ ನೋಟೊ ಸ್ಯಾನ್ಸ್ ಇಂಗ್ಲಿಷ್ ಇದೆ. ಇಲ್ಲ, ಗಿರಾಕಿಗೆ ಪಾಪಿನ್ಸೇ ಬೇಕು ಅಂದರೆ ಅದರ ಜತೆ ಅನೇಕ್‌ನ ಮಾಮೂಲು ಅಗಲದ ರೂಪ ಹಾಕಿ ನೋಡಿ, ನನಗೆ ಅದು ಸರಿ ಕಂಡಿದೆ.

ಎರಡಕ್ಕೂ ಒಂದೇ ಪಾಯಿಂಟ್ ಸೈಜ್ ಕೊಟ್ಟರೆ ಸಾಲದು. ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರ ಇಲ್ಲ, ಇಂಗ್ಲಿಷ್ ಪೂರ್ತಿ ದೊಡ್ಡಕ್ಷರದಲ್ಲಿ ಬಂದಾಗ ಅದೇ ಮುಂದೆ ನುಗ್ಗುತ್ತದೆ. ಕ ಅಕ್ಷರದ ಎತ್ತರ ಇಂಗ್ಲಿಷ್ ದೊಡ್ಡಕ್ಷರದ ಎತ್ತರಕ್ಕೆ ಸಮ ಬರುವವರೆಗೆ ಕನ್ನಡವನ್ನು ಹಿಗ್ಗಿಸಿ, ಆಮೇಲೆ ಇಂಗ್ಲಿಷಿನ ದಪ್ಪವನ್ನು ಒಂದು ಮೆಟ್ಟಿಲು ಇಳಿಸಿ. ಅಳತೆಪಟ್ಟಿ ಬೇಡ, ಕಣ್ಣು ಸಾಕು.

ಸಾಲುಗಳ ನಡುವಿನ ಜಾಗದಲ್ಲಿ ಇಂಗ್ಲಿಷ್ ಪೋಸ್ಟರ್‌ಗಳನ್ನು ನಕಲು ಮಾಡಲು ಹೋಗಬೇಡಿ. ಅವರು ದಪ್ಪ ಅಕ್ಷರಗಳ ಸಾಲುಗಳನ್ನು ಇಟ್ಟಿಗೆ ಪೇರಿಸಿದ ಹಾಗೆ ಅಂಟಿಸಿ ಇಡುತ್ತಾರೆ, ಸೊಗಸಾಗಿರುತ್ತದೆ. ನಾವು ಹಾಗೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕುಕ್ಕರುಬಡಿಯುತ್ತದೆ. ಪದಗಳನ್ನು ಆಚೀಚೆ ಸರಿಸಿ, ಒತ್ತು ಬರುವ ಜಾಗದ ಕೆಳಗೆ ಗುಡಿಸಿಲ್ಲದ ಅಕ್ಷರ ಬರುವ ಹಾಗೆ ಮಾಡಿದರೆ ಸ್ವಲ್ಪ ಹತ್ತಿರ ತರಬಹುದು. ಅಕ್ಷರ ಅಕ್ಷರದ ನಡುವೆ ಜಾಗ ಬಿಡಿಸುವುದಂತೂ ಕನ್ನಡದಲ್ಲಿ ಬೇಡವೇ ಬೇಡ, ದೀರ್ಘದ ಕೊಂಡಿ ತನ್ನ ಅಕ್ಷರದಿಂದ ದೂರ ಹೋಗಿ ಅನಾಥವಾಗಿ ನಿಲ್ಲುತ್ತದೆ.

ಎಲ್ಲಿಗೆ ಹಾಕುತ್ತೀರಿ ಅನ್ನುವುದರ ಮೇಲೆ ದಪ್ಪ

ಬೋರ್ಡಿನ ಕೆಲಸದವರಲ್ಲಿ ಒಂದು ಅಂದಾಜು ಲೆಕ್ಕ ಇದೆ, 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಅದು ಇಂಗ್ಲಿಷಿಗೆ. ಕನ್ನಡಕ್ಕೆ ನಾನು ಒಂದೂವರೆ ಇಂಚು ಅಂತ ಹಿಡಿಯುತ್ತೇನೆ, ಒತ್ತು ಓದಬೇಕಲ್ಲ. 40 ಅಡಿ ರಸ್ತೆಯ ಆ ಕಡೆಯಿಂದ ಓದಬೇಕು ಅಂದರೆ ಒತ್ತು, ಗುಡಿಸು ಬಿಟ್ಟು ಕ ಅಕ್ಷರವೇ 6 ಇಂಚು ಇರಲಿ.

ಟೀ ಶರ್ಟಿಗೆ ಸ್ಕ್ರೀನ್ ಪ್ರಿಂಟ್ ಮಾಡಿಸುವಾಗ ಬಣ್ಣ ಬಟ್ಟೆಯಲ್ಲಿ ಹರಡುತ್ತದೆ, ಸೀಳು ಚುಕ್ಕೆ ಎಲ್ಲ ಮುಚ್ಚುತ್ತವೆ. ನವೆಂಬರ್ 1ಕ್ಕೆ ರಾಜ್ಯೋತ್ಸವದ ಟೀ ಶರ್ಟ್ ಮಾಡಿಸುವವರು ಇದನ್ನು ಬರೆದಿಟ್ಟುಕೊಳ್ಳಿ, ಎಕ್ಸ್‌ಟ್ರಾ ಬೋಲ್ಡ್ ಬೇಕು ಅನ್ನಿಸಿದ ಕಡೆ ಬೋಲ್ಡ್ ಸಾಕು. ಕಪ್ಪು ಬಟ್ಟೆಯ ಮೇಲೆ ಹಳದಿ ಅಕ್ಷರ ಆದರೆ ಇನ್ನೂ ಒಂದು ಮೆಟ್ಟಿಲು ಇಳಿಸಿ, ಕಪ್ಪಿನ ಮೇಲೆ ತಿಳಿ ಬಣ್ಣದ ಅಕ್ಷರ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ವಿನೈಲ್ ಸ್ಟಿಕ್ಕರ್ ಕಟಿಂಗ್‌ನಲ್ಲಿ ಠ ಒಳಗಿನ ಚುಕ್ಕೆ ಬೇರೆ ತುಂಡಾಗಿ ಬರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿತ್ತುಬರುತ್ತದೆ. ಥಂಬ್‌ನೇಲನ್ನು 1280ಕ್ಕೆ 720 ಅಳತೆಯಲ್ಲಿ ಮಾಡುತ್ತೀರಿ, ನೋಡುವವರು ಹೆಬ್ಬೆರಳಿನಷ್ಟು ಗಾತ್ರದಲ್ಲಿ ನೋಡುತ್ತಾರೆ. ಅಲ್ಲಿ ಮೂರು ಪದಕ್ಕಿಂತ ಜಾಸ್ತಿ ಹಾಕಿದರೆ ಯಾವ ಫಾಂಟೂ ಕಾಪಾಡಲ್ಲ.

ಪ್ರಿಂಟಿಗೆ ಕೊಡುವ ಮುಂಚೆ

ಎಲ್ಲ ಸರಿಯಾಗಿ ಆರಿಸಿದ ಮೇಲೂ ಕೆಡುವುದು ಇಲ್ಲೇ. ನಾವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತ ಇರುವ ಫಾಂಟಲ್ಲಿ ಮಾಡಿರುತ್ತೇವೆ. ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಕೋರೆಲ್, ಅದರಲ್ಲಿ ಬೇರೆಯೇ ಸಂಕೇತ ಬಳಸುವ ಹಳೆಯ ನುಡಿ ಅಥವಾ ಶ್ರೀಲಿಪಿ. ಅಲ್ಲಿ ನಮ್ಮ ಫೈಲ್ ತೆರೆದರೆ ಕ್ಷ್ಮಿ ಅನ್ನುವುದು ಬಿಚ್ಚಿಕೊಂಡು ಅರ್ಧ ಕ, ಅರ್ಧ ಷ, ಪಕ್ಕದಲ್ಲಿ ಮಿ ಅಂತ ಸಾಲಾಗಿ ನಿಲ್ಲಬಹುದು. ಅವರಿಗೂ ಅವಸರ, ಹಾಗೇ ಹೊಡೆದುಬಿಡುತ್ತಾರೆ. ಅದಕ್ಕೆ ಅಕ್ಷರಗಳನ್ನು ಕರ್ವ್ಸ್ ಮಾಡಿ ಪಿಡಿಎಫ್ ಕೊಡಿ, ಆಮೇಲೆ ಅದು ಅಕ್ಷರ ಅಲ್ಲ, ಬರೀ ಚಿತ್ರ, ಯಾವ ಕಂಪ್ಯೂಟರೂ ಕೆಡಿಸಲ್ಲ. ತಿದ್ದುಪಡಿ ಬಂದರೆ ಇರಲಿ ಅಂತ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಹಳೆಯ ಫೋಟೊಶಾಪಲ್ಲಿ ನಿಮಗೇ ಒತ್ತಕ್ಷರ ಕೂಡುತ್ತಿಲ್ಲ ಅಂದ್ರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವ ಜಾಗಕ್ಕೆ ಹೋಗಿ 'ವರ್ಲ್ಡ್ ರೆಡಿ ಲೇಔಟ್' ಆರಿಸಿ, ಹೊಸ ಫೈಲ್ ತೆರೆದು ಮತ್ತೆ ಟೈಪ್ ಮಾಡಿ.

ಇನ್ನು ಚಿಕ್ಕಪ್ಪನ ಬೋರ್ಡ್. ಅದನ್ನು ಇಳಿಸಿ, ಅನೇಕ್‌ನ ಅಗಲದ ರೂಪದಲ್ಲಿ, ಎಕ್ಸ್‌ಟ್ರಾ ಬೋಲ್ಡ್ ಬದಲು ಬೋಲ್ಡ್ ಇಟ್ಟು, ಔಟ್‌ಲೈನ್ ತೆಗೆದು ಮಾಡಿದೆ. ಕರ್ವ್ಸ್ ಮಾಡಿದ ಮೇಲೆ ಧ ಸೀಳನ್ನು ಕೈಯಾರೆ ಇನ್ನೂ ಒಂದು ಎಳೆ ಅಗಲಿಸಿದೆ, ಕ್ಷ್ಮಿ ಕೆಳಗಿನ ಎರಡು ಒತ್ತುಗಳನ್ನು ಸ್ವಲ್ಪ ದೂರ ಸರಿಸಿದೆ. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಚಿಕ್ಕಮ್ಮನನ್ನು ಅಂಗಳದ ಆ ತುದಿಯಲ್ಲಿ ಕನ್ನಡಕ ಇಲ್ಲದೆ ನಿಲ್ಲಿಸಿ ಓದಿಸಿದೆ. ಧನಲಕ್ಷ್ಮಿ ಅಂತಲೇ ಓದಿದರು. ಬೋರ್ಡ್ ಏರಿತು, ಮೂರು ತಿಂಗಳಿಂದ ಯಾರೂ ದನದ ಮಾತು ಎತ್ತಿಲ್ಲ. ಈಗ ಚಿಕ್ಕಪ್ಪನಿಗೆ ಅದರ ಹಿಂದೆ ಲೈಟ್ ಹಾಕಿಸುವ ಆಸೆ ಹುಟ್ಟಿದೆ. ಬೆಳಕು ಬಂದರೆ ಅಕ್ಷರ ಮತ್ತೆ ಊದಿಕೊಂಡು ಕಾಣುತ್ತದೆ, ಸೆಮಿ ಬೋಲ್ಡ್‌ಗೆ ಇಳಿಸಿ ಎಲ್ಲ ಮೊದಲಿಂದ ಮಾಡಬೇಕು ಅಂದೆ. "ಅದಕ್ಕೆಷ್ಟಾಗುತ್ತೆ?" ಅಂದರು. ಹೇಳಿದೆ. "ಹಗಲು ಹೊತ್ತು ಕಂಡರೆ ಸಾಕು ಬಿಡು" ಅಂದು ಗಲ್ಲಾಪೆಟ್ಟಿಗೆ ಕಡೆ ಹೋದರು.